ಅಂಚಿನ ಹೊಲಿಗೆ

ಜೂನ್ 3

ಅಮ್ಮ,

ಫೋನು ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳಲ್ಲ, ಏನಾಯಿತೋ ಎಂದು ಗಾಬರಿಯಾಗಬೇಡ. ನಿನಗೆ ಫೋನು ಮಾಡಿ ಏನು ಪ್ರಯೋಜನ ಹೇಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು "ಹ್ಞೂಂ, ಹ್ಞೂಂ" ಅನ್ನುತ್ತೀಯ. ಅಷ್ಟರಲ್ಲಿ ಯಾರೋ ಪ್ಯಾಂಟು ಉದ್ದವಾಯಿತು ಎಂದು ಬಂದು ನಿಲ್ಲುತ್ತಾರೆ. ಇದು ನಡುವೆ ಗಿರಾಕಿ ನುಗ್ಗಬಹುದಾದ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಕಲಾಕೇಂದ್ರದಲ್ಲಿ ನನಗೆ ಕೊಟ್ಟಿರುವ ಕೋಣೆ ಹಿಂದೆ ಗೋದಾಮಾಗಿತ್ತಂತೆ. ಉದ್ದನೆಯ ಮೇಜು, ಸದಾ ತೊಟ್ಟಿಕ್ಕುವ ನಲ್ಲಿ, ಗೋಡೆ ತುಂಬ ಹಲಗೆಗಳು. ಅಂಗಳದಾಚೆ ಮಣ್ಣಿನ ಸಾಮಾನು ಸುಡುವ ಗೂಡು ಇದೆ, ನಮ್ಮ ಬೀರುವಿನಷ್ಟು ದೊಡ್ಡದು. ಅದನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಗೂಡಿನಕ್ಕ ಎನ್ನುತ್ತಾರೆ. ನಾನು ಮಾಡುವ ಕೆಲಸ ನಿನಗೆ ಗೊತ್ತೇ ಇದೆಯಲ್ಲ: ಹಳೆಯ ಬಟ್ಟೆಯನ್ನು ಗಂಜಿಯ ಹದಕ್ಕೆ ಕಲಸಿದ ಜೇಡಿಮಣ್ಣಿನಲ್ಲಿ ಅದ್ದಿ, ಒಣಗಿಸಿ, ಗೂಡಿಗಿಡುವುದು. ಒಳಗಿನ ಬಟ್ಟೆ ಸುಟ್ಟುಹೋಗುತ್ತದೆ, ಅದರ ಮೇಲಿದ್ದ ಮಣ್ಣು ನಿಲ್ಲುತ್ತದೆ. ನೆರಿಗೆ, ಕಾಜ, ಹೊಲಿಗೆ ಎಲ್ಲ ಇದ್ದ ಹಾಗೇ ಉಳಿಯುತ್ತವೆ. ಆದರೆ ತುಂಬ ತೆಳು. "ಜೋರಾಗಿ ಸೀನಬೇಡ ಕಣೇ, ಎಲ್ಲಾ ಪುಡಿಪುಡಿ ಆಗತ್ತೆ" ಎಂದು ಗೂಡಿನಕ್ಕ ದಿನಾ ಗದರುತ್ತಾರೆ.

ಅಕ್ಟೋಬರಿನಲ್ಲಿ ನಮ್ಮೆಲ್ಲರ ಪ್ರದರ್ಶನ. ಈ ಸಲದ ವಿಷಯ "ನಾನು ಯಾರು". ಒಬ್ಬ ತಾತನ ಕೋಟು ತಂದಿದ್ದಾನೆ. ಇನ್ನೊಬ್ಬಳು ತನ್ನ ಮೂಗು ಅಜ್ಜಿಯಿಂದ ಬಂದದ್ದೆಂದು ಮಣ್ಣಿನಲ್ಲಿ ಮೂಗುಗಳ ಸಾಲನ್ನೇ ಮಾಡಿಟ್ಟಿದ್ದಾಳೆ. ನನ್ನ ಮೂಗು ಯಾರದು ಎಂದು ನಾನು ಯಾರನ್ನು ಕೇಳಲಿ?

ಸುತ್ತಿಬಳಸುವುದಿಲ್ಲ ಅಮ್ಮ. ಹುಟ್ಟಿದಾಗ ಆಸ್ಪತ್ರೆಯಲ್ಲಿ ನನ್ನನ್ನು ಸುತ್ತಿ ನಿನ್ನ ಕೈಗೆ ಕೊಟ್ಟ ಬಟ್ಟೆ ಬೀರುವಿನ ಮೇಲಿನ ಹಲಗೆಯಲ್ಲಿದೆಯಲ್ಲ, ಅದು ನನಗೆ ಬೇಕು. ಆಸ್ಪತ್ರೆಯ ದಾದಿ ಹೇಳಿದ್ದನ್ನು ನೀನು ನನಗೆ ಒಂದೇ ಒಂದು ಸಲ ಹೇಳಿದ್ದೀಯ. ಹೆತ್ತವಳು ಹಾಸಿಗೆಯ ಮೇಲೆ ಕೂತು, ಹಳೆಯ ಹೊದಿಕೆಯಿಂದ ಹರಿದ ಆ ತುಂಡಿನ ಅಂಚನ್ನು ಕೈಯಲ್ಲಿ ಹೊಲಿದಳು, ಹೊಲಿದು ಮುಗಿಸಿದಳು, ಎದ್ದು ಹೋದಳು. ಅವಳು ಮಾಡಿದ್ದು ಅಂತ ನನ್ನ ಬಳಿ ಬೇರೆ ಏನೂ ಇಲ್ಲ. ಆ ಅಂಚನ್ನು ಮಣ್ಣಿನಲ್ಲಿ ಉಳಿಸಬೇಕು.

ಬಟ್ಟೆ ಸುಟ್ಟುಹೋಗುತ್ತದೆ, ಗೊತ್ತು. ಅದಕ್ಕೇ ಮೊದಲೇ ಹೇಳಿ ಕೇಳುತ್ತಿದ್ದೇನೆ.

ಅಪ್ಪನ ಕೆಮ್ಮು ಹೇಗಿದೆ?

ನಿನ್ನ ಚಿಂದಿರಾಣಿ

•

ಜೂನ್ 14

ಚಿಂದಿರಾಣಿಯವರ ಸನ್ನಿಧಾನಕ್ಕೆ,

ಕಾಗದ ತಲುಪಿತು. ನಿಮ್ಮಪ್ಪ ಅದನ್ನು ಇಸ್ತ್ರಿ ಮೇಜಿನ ಮೇಲೆ ಹರವಿಕೊಂಡು ಎರಡು ಸಲ ಓದಿದರು. "ಬಟ್ಟೆಗೆ ಗಂಜಿ ಹಾಕೋದು ನಾನೂ ಮಾಡ್ತೀನಪ್ಪ. ನಂಗ್ಯಾರೂ ಪ್ರದರ್ಶನ ಇಟ್ಟಿಲ್ಲ" ಎಂದರು. ಕೆಮ್ಮು ಕಡಿಮೆಯಾಗಿದೆ. ಬಾಯಿ ಕಡಿಮೆಯಾಗಿಲ್ಲ.

ಟೈಲರ್ ಮನೆಯಲ್ಲಿ ಬೆಳೆದು ಬಟ್ಟೆ ಸುಡುವ ಕಸುಬು ಹಿಡಿದವಳು ಲೋಕದಲ್ಲಿ ನೀನೊಬ್ಬಳೇ ಇರಬೇಕು. ಹೋಗಲಿ, ಚಿಕ್ಕವಳಿದ್ದಾಗ ಕತ್ತರಿಸುವ ಮೇಜಿನ ಕೆಳಗೆ ಚಿಂದಿ ರಾಶಿಯಲ್ಲೇ ಉಂಡು, ಅಲ್ಲೇ ಮಲಗಿದವಳು. ನನಗೆ ಆಶ್ಚರ್ಯವೇನಿಲ್ಲ.

ಇದರ ಜೊತೆ ಒಂದು ಗಂಟು ಕಳಿಸಿದ್ದೇನೆ. ನಿನ್ನ ಶಾಲೆಯ ಮೊದಲ ಅಂಗಿ, ಬೆಕ್ಕಿನ ಚಿತ್ರ ಇರುವ ದಿಂಬಿನ ಚೀಲ, ನಿಮ್ಮಪ್ಪನ ನೀಲಿ ಅಂಗಿ, ನಾನು ಅಂಗಡಿ ತೆರೆದ ದಿನ ಹಾಕಿಕೊಂಡಿದ್ದ ಮೇಲಂಗಿ, ನೀನು ಹೊಲಿಯಲು ಕಲಿತ ಅಂಕುಡೊಂಕು ಕರವಸ್ತ್ರ. ಎಲ್ಲವನ್ನೂ ಸುಟ್ಟುಕೋ, ಚಿಂತೆಯಿಲ್ಲ. ನೀನು ಯಾರು ಅಂತ ಕೇಳಿದವರಿಗೆ ಈ ಗಂಟು ಬಿಚ್ಚಿ ತೋರಿಸಿದರೆ ಸಾಕಲ್ಲವೇ?

ಪಕ್ಕದ ಗುಂಡಿ ಅಂಗಡಿಯವರು ನಿನ್ನನ್ನು ಕೇಳಿದರು. ಊಟ ಹೊತ್ತಿಗೆ ಸರಿಯಾಗಿ ಮಾಡು. ಮಣ್ಣಾದ ಕೈಯಲ್ಲಿ ತಿನ್ನಬೇಡ.

ಅಮ್ಮ

•

ಜೂನ್ 25

ಅಮ್ಮ,

ಗಂಟು ಬಂತು. ಕರವಸ್ತ್ರ ನೋಡಿ ಗೂಡಿನಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನ ಅಂಗಿಯನ್ನು ಅದ್ದಿ ಸುಟ್ಟಿದ್ದೇನೆ. ಕಾಲರಿನ ಹಿಂದೆ ನೀನು ಹಾಕಿದ ತೇಪೆ ಎಷ್ಟು ಚೆನ್ನಾಗಿ ಬಂದಿದೆ ಎಂದರೆ, ನೋಡಿದವರೆಲ್ಲ ಮೊದಲು ಅದನ್ನೇ ಮುಟ್ಟಲು ಹೋಗುತ್ತಾರೆ.

ಆದರೆ ನಾನು ಕೇಳಿದ್ದು ಅದರಲ್ಲಿ ಇಲ್ಲ. ನೀನು ಮರೆತಿಲ್ಲ ಎಂದೂ ನನಗೆ ಗೊತ್ತು.

ಚಿಕ್ಕಂದಿನಲ್ಲಿ ಹೆತ್ತವಳ ವಿಷಯ ಎತ್ತಿದರೆ ನೀನು ಮಿಷನ್ ತುಳಿಯಲು ಶುರು ಮಾಡುತ್ತಿದ್ದೆ. ಬಟ್ಟೆ ಇಲ್ಲದಿದ್ದರೂ ತುಳಿಯುತ್ತಿದ್ದೆ. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ನಿನ್ನ ಬದಲಿಗೆ ಇನ್ನೊಬ್ಬಳನ್ನು ಹುಡುಕಲು ಹೊರಟಿಲ್ಲ ಅಮ್ಮ. ಅಮ್ಮ ಅಂದರೆ ನೀನೇ, ಅದರಲ್ಲಿ ಮಾತಿಲ್ಲ. ನನಗೆ ಬೇಕಾಗಿರುವುದು ಒಂದೇ ಸಂಗತಿ. ಅವಳು ನನ್ನನ್ನು ಬಿಟ್ಟು ಹೋಗುವಾಗ ಅವಳಿಗೆ ಏನಾದರೂ ಅನಿಸಿತೋ, ಇಲ್ಲವೋ? ಕೇಳಲು ಅವಳಿಲ್ಲ. ಇರುವುದು ಆ ಅಂಚು ಮಾತ್ರ.

ಕೊಡುವುದಿಲ್ಲ ಎಂದಾದರೆ ಹಾಗೆಂದು ಬರೆ. ಬೇಜಾರಾಗುತ್ತದೆ, ಆದರೆ ಇನ್ನೊಮ್ಮೆ ಕೇಳುವುದಿಲ್ಲ.

ಚಿಂದಿರಾಣಿ

•

ಜುಲೈ 9

ಮಗಳೇ,

ಕಳಿಸಿದ್ದೇನೆ. ನಿಮ್ಮಪ್ಪ ಕೂರಿಸಿಕೊಂಡು ಹೇಳಿದರು: "ಅದು ಅವಳದು ಕಣೇ. ನಾವು ಕಾದಿಟ್ಟಿದ್ದು ಅಷ್ಟೇ. ಕೊಟ್ಬಿಡು." ಆಮೇಲೆ ನಾನೇ ಸ್ಟೂಲು ಹಾಕಿಕೊಂಡು ಹತ್ತಿದೆ.

ಇಳಿಸಿ ನೋಡಿದರೆ ಅದರ ಅವಸ್ಥೆ ಕೇಳಬೇಡ. ಮಡಿಕೆಗಳಲ್ಲಿ ಹಳದಿ ಕಟ್ಟಿತ್ತು, ಅಂಚಿನ ದಾರ ಅಲ್ಲಲ್ಲಿ ಸವೆದು ನೇತಾಡುತ್ತಿತ್ತು. ಹಾಗೇ ಹೇಗೆ ಕಳಿಸಲಿ? ನಾಲ್ಕು ಜನ ನೋಡುವ ಜಾಗಕ್ಕೆ ಹೋಗುವ ಬಟ್ಟೆ, ಟೈಲರ್ ಮನೆಯಿಂದ ಹೋಗುವ ಬಟ್ಟೆ. ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಒಗೆದೆ. ಆ ಹಳೆಯ ದಾರವನ್ನೆಲ್ಲ ಬಿಚ್ಚಿ, ಅಂಚು ಮಡಿಚಿ, ಹೊಸ ದಾರದಲ್ಲಿ ಸಣ್ಣಗೆ ಹೆಮ್ಮಿಂಗ್ ಹಾಕಿದ್ದೇನೆ. ಮಿಷನ್ನಿಗೆ ಕೊಡಲಿಲ್ಲ, ಕೈಯಲ್ಲೇ ಹೊಲಿದದ್ದು. ಈಗ ಎಷ್ಟು ಅದ್ದಿದರೂ ಅಲುಗುವುದಿಲ್ಲ. ನಿಮ್ಮಪ್ಪ ಹದವಾಗಿ ಇಸ್ತ್ರಿ ಹಾಕಿ ಕೊಟ್ಟರು.

ತೆಗೆದಿಟ್ಟ ಜಾಗ ಬರಿದಾಗಿ ಕಾಣುತ್ತಿತ್ತು. ಒಂದು ಟವೆಲ್ಲು ಇಟ್ಟಿದ್ದೇನೆ.

ಅಮ್ಮ

•

ಜುಲೈ 18

ಅಮ್ಮ,

ನೀನು ಬಿಚ್ಚಿ ಎಸೆದ ಆ ಹಳೆಯ ದಾರವೇ ನನಗೆ ಬೇಕಾಗಿತ್ತು.

ಸವೆದಿದ್ದರೂ ಬೇಕಾಗಿತ್ತು, ನೇತಾಡುತ್ತಿದ್ದರೂ ಬೇಕಾಗಿತ್ತು. ನಾನು ಏನು ಕೇಳಿದೆ, ಯಾಕೆ ಕೇಳಿದೆ ಎಂದು ಎರಡು ಕಾಗದದಲ್ಲಿ ಬರೆದಿದ್ದೆ. ಪೊಟ್ಟಣ ಬಿಚ್ಚಿದರೆ ನಿನ್ನ ಹೊಲಿಗೆ. ನೂರು ಗಿರಾಕಿಗಳ ಪ್ಯಾಂಟಿನ ತುದಿಯಲ್ಲಿರುವ ಹೊಲಿಗೆ.

ಈಗ ಇದನ್ನು ಮಣ್ಣಲ್ಲಿ ಅದ್ದಿ ಏನು ಮಾಡಲಿ? ಸದ್ಯಕ್ಕೆ ಏನೂ ಬರೆಯಲಾರೆ.

•

ಆಗಸ್ಟ್ 2

ಮಗಳೇ,

ನಿನ್ನ ಕಾಗದದ ಕೆಳಗೆ ಹೆಸರೇ ಇರಲಿಲ್ಲ. ತಿರುಗಿಸಿ ನೋಡಿದೆ, ಹಿಂದೆಯೂ ಇರಲಿಲ್ಲ.

ಓದಿದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಕಸದ ಚೀಲವನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ. ನಿಮ್ಮಪ್ಪನೂ ಕನ್ನಡಕ ಹಾಕಿಕೊಂಡು ಕೂತರು. ಆದರೆ ಆ ವಾರದ ಕಸ ಯಾವಾಗಲೋ ಹೋಗಿತ್ತು. ಗುಂಡಿ ಅಂಗಡಿಯವರು ಬಂದು "ಏನಮ್ಮಾ, ಉಂಗುರ ಗಿಂಗುರ ಕಳ್ಕೊಂಡ್ರಾ?" ಎಂದರು. ಹೌದು ಎಂದೆ.

ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಇಡೀ ಮಧ್ಯಾಹ್ನ ಕೂತು ಹೊಲಿದಿದ್ದೇನೆ, ಒಂದು ಒಳ್ಳೆಯ ಮಾತಿಲ್ಲ ಅನಿಸಿತು. ಹರಿದದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೂ ಗೊತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ತೋಳಿನ ಹೊಲಿಗೆ ಬಿಟ್ಟಿದ್ದರೆ ಇಳಿಯುವಷ್ಟರಲ್ಲಿ ಹಾಕಿಕೊಡುವವಳು ನಾನು. ಕೈ ಅಭ್ಯಾಸ, ಅಷ್ಟೇ ಎಂದು ಬರೆದು ಮುಗಿಸೋಣ ಎಂದುಕೊಂಡೆ. ಬರೆದೂ ಬರೆದೆ. ಆಮೇಲೆ ಆ ಹಾಳೆಯನ್ನು ಹರಿದುಹಾಕಿದೆ.

ಯಾಕೆಂದರೆ ಅದು ಪೂರ್ತಿ ನಿಜ ಅಲ್ಲ. ಬಿಚ್ಚುವಾಗ ಒಂದು ಗಳಿಗೆ ನನ್ನ ಕೈ ನಿಂತಿತ್ತು. ಇದು ಅವಳ ಹೊಲಿಗೆ ಅಂತ ನನಗೆ ಹೊಳೆಯಿತು. ಹೊಳೆದ ಮೇಲೂ ಬಿಚ್ಚಿದೆ. ನಿನ್ನ ಮೈಗೆ ಹಾಕಿದ ಪ್ರತಿ ಬಟ್ಟೆಯನ್ನೂ ನಾನು ಹೊಲಿದಿದ್ದೇನೆ, ಅದೊಂದನ್ನು ಬಿಟ್ಟು. ಅದನ್ನು ಮಾತ್ರ ಇನ್ನೊಬ್ಬಳು ಹೊಲಿದಿದ್ದಳು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಮಗಳೇ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಆದರೂ ಹೊಟ್ಟೆಕಿಚ್ಚು. ನಿನ್ನ ಮೂಗು ಕೊಟ್ಟವಳು ಅವಳು. ಆ ಮೂಗು ಸೋರಿದಾಗ ಒರೆಸಿದವಳು ನಾನು.

ನನ್ನಿಂದ ತಪ್ಪಾಯಿತು. ಸರಿ ಮಾಡುವುದು ಹೇಗೆಂದು ಗೊತ್ತಾಗುತ್ತಿಲ್ಲ. ಹರಿದದ್ದಾಗಿದ್ದರೆ ಹೊಲಿಯುತ್ತಿದ್ದೆ.

ಅಮ್ಮ

•

ಆಗಸ್ಟ್ 20

ಅಮ್ಮ,

ಹೆಸರು ಹಾಕದೆ ಕಳಿಸಿದ್ದಕ್ಕೆ ಕ್ಷಮಿಸು. ಹಾಕಿದ್ದರೆ ಚಿಂದಿರಾಣಿ ಎಂದೇ ಬರೆಯಬೇಕಿತ್ತು. ಅದು ಬರೆದರೆ ಸಿಟ್ಟು ಇಳಿದುಹೋಗುತ್ತಿತ್ತು.

ಮೂಗು ಒರೆಸಿದ ಮಾತನ್ನು ಗೂಡಿನಕ್ಕನಿಗೆ ಓದಿ ಹೇಳಿದೆ. "ನಿಮ್ಮಮ್ಮನ್ನ ಒಂದ್ಸಲ ಕರ್ಕೊಂಡ್ ಬಾರೇ" ಎಂದರು. ನಾನು ಆ ದಿನ ಅತ್ತೆ. ಸಿಟ್ಟಿಗಲ್ಲ. ನೀನು ಅವಳ ಬಗ್ಗೆ ಇಷ್ಟು ಮಾತು ಆಡಿದ್ದು ಇದೇ ಮೊದಲು.

ಆಮೇಲೆ ಒಂದು ಕೆಲಸ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹೊಲಿಗೆಯನ್ನು ಬಿಚ್ಚಿದೆ. ನೀನು ಕಲಿಸಿದ ಹಾಗೇ ಬಟ್ಟೆಗೆ ನೋವಾಗದಂತೆ ಒಂದೊಂದಾಗಿ ಬಿಚ್ಚಿ, ದಾರವನ್ನು ಕಾಗದಕ್ಕೆ ಸುತ್ತಿಟ್ಟಿದ್ದೇನೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ನಿನ್ನ ಸಣ್ಣ ತೂತುಗಳ ಮಧ್ಯೆ ಬೇರೆ ತೂತುಗಳೂ ಕಂಡವು. ದಪ್ಪ ಸೂಜಿಯವು, ಹಳೆಯವು. ಇಷ್ಟು ವರ್ಷ ದಾರ ಕೂತಿದ್ದರಿಂದ ಎಷ್ಟು ಒಗೆದರೂ ಮುಚ್ಚಿಕೊಂಡಿಲ್ಲ. ಮೆತ್ತನೆಯ ಮಣ್ಣನ್ನು ಹಾಳೆಯಂತೆ ಲಟ್ಟಿಸಿ, ಆ ಅಂಚನ್ನು ಅದರ ಮೇಲಿಟ್ಟು ಒತ್ತಿದೆ. ಬಟ್ಟೆ ಎತ್ತಿದರೆ ಮಣ್ಣಿನಲ್ಲಿ ಚುಕ್ಕಿಗಳ ಸಾಲು. ಅವಳ ಸೂಜಿ ಎಲ್ಲೆಲ್ಲಿ ಇಳಿಯಿತೋ ಅಲ್ಲೆಲ್ಲ.

ಅದನ್ನು ಓದಲು ನನಗೆ ಬಂತು ಅಮ್ಮ, ಓದದಿದ್ದರೆ ಚೆನ್ನಾಗಿತ್ತು ಅನಿಸುತ್ತಿದೆ. ಬಟ್ಟೆಯನ್ನು ಅಂಚಿನ ಮಡಿಕೆ ಮೇಲೆ ಬರುವಂತೆ ಹಿಡಿದರೆ ಬಲತುದಿಯಲ್ಲಿ ಚುಕ್ಕಿಗಳು ಒತ್ತೊತ್ತಾಗಿವೆ. ಎಡಕ್ಕೆ ಬರಬರುತ್ತ ದೂರದೂರ. ಹೆಮ್ಮಿಂಗ್ ಬಲದಿಂದ ಎಡಕ್ಕೆ ಹಾಕುವುದು ಎಂದು ನೀನೇ ನನ್ನ ಕೈ ಹಿಡಿದು ಕಲಿಸಿದ್ದೀಯ. ಅಂದರೆ ಮೊದಮೊದಲು ಗಮನ ಕೊಟ್ಟು ಹೊಲಿದಿದ್ದಾಳೆ, ಆಮೇಲೆ ಸಾಕಾಗಿದೆ. ಉದ್ದುದ್ದ ಹೊಲಿಗೆ ಹಾಕಿ, ಬೇಗ ಮುಗಿಸಿ, ಎದ್ದು ಹೋಗಿದ್ದಾಳೆ. ನನಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಸಿಕ್ಕಿದ್ದು ಇದು.

ಬಟ್ಟೆಯನ್ನು ವಾಪಸು ಕಳಿಸುತ್ತಿದ್ದೇನೆ. ಹರಿದದ್ದಾಗಿದ್ದರೆ ಹೊಲಿಯುತ್ತಿದ್ದೆ ಎಂದೆಯಲ್ಲ. ಅವಳ ತೂತುಗಳಲ್ಲೇ ದಾರ ಹಾಕಿ, ಅವಳು ಹೊಲಿದ ಹಾಗೇ ಮಾಡಿಕೊಡುತ್ತೀಯಾ? ಆ ಹೊಲಿಗೆಯನ್ನು ಹತ್ತಿರದಿಂದ ನೋಡಿದವಳು ನೀನೊಬ್ಬಳೇ. ಆತುರದ ಹೊಲಿಗೆಯಾದರೂ ಪರವಾಗಿಲ್ಲ. ಇದ್ದದ್ದು ಇದ್ದ ಹಾಗೇ ಇರಲಿ.

ಚಿಂದಿರಾಣಿ

•

ಸೆಪ್ಟೆಂಬರ್ 7

ನನ್ನ ಮಗಳೇ,

ಇದನ್ನು ಕೂತುಕೊಂಡು ಓದು. ಕೈಯಲ್ಲಿ ಮಣ್ಣಿನ ಸಾಮಾನು ಇದ್ದರೆ ಮೊದಲು ಕೆಳಗಿಡು.

ನಿನ್ನ ಬಟ್ಟೆ ಬಂದ ದಿನ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದೆ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಹೊಲಿಯಲು ಶುರು ಮಾಡಿದೆ, ಬಲದಿಂದ ಎಡಕ್ಕೆ. ತೂತುಗಳು ಸಿಕ್ಕವು. ಆದರೆ ದಾರ ಕೂರಲಿಲ್ಲ. ಹೆಮ್ಮಿಂಗ್ ದಾರ ಓರೆಯಾಗಿ ಮಲಗುತ್ತದಲ್ಲ, ಆ ಓರೆ ಬಟ್ಟೆಯಲ್ಲಿ ಗೀರಿನಂತೆ ಉಳಿದಿದೆ. ನನ್ನ ದಾರ ಒಂದು ಕಡೆಗೆ ಬಾಗುತ್ತದೆ, ಅವಳ ಗೀರು ಇನ್ನೊಂದು ಕಡೆಗೆ. ಬಟ್ಟೆ ತಿರುಗಿಸಿ ನೋಡಿದೆ, ಆಗಲೂ ಹಾಗೇ. ಬಿಚ್ಚಿದೆ, ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ನಿಮ್ಮಪ್ಪ ಇಸ್ತ್ರಿ ಆರಿಸಿ ಬಂದು "ಏನೇ, ಇವತ್ತು ಸೂಜಿ ಮಾತು ಕೇಳ್ತಿಲ್ವಾ?" ಎಂದರು.

ಆಗ ನೆನಪಾಯಿತು. ನಾನು ಬಿಚ್ಚಿದ ದಿನ, ದಾರದ ಗಂಟು ಎಡತುದಿಯಲ್ಲಿ ಸಿಕ್ಕಿತ್ತು. ಸೂಜಿಗೆ ದಾರ ಪೋಣಿಸಿ ಮೊದಲು ಹಾಕುವ ಗಂಟು ಅದು, ಇರುವುದು ಶುರು ಮಾಡಿದ ಕಡೆ. ಇವಳ್ಯಾಕೆ ಗಂಟನ್ನು ಈ ಕಡೆ ಹಾಕಿದಳಪ್ಪ, ಹೊಲಿಗೆ ಬಾರದವಳು ಎಂದು ಆಗ ಮನಸ್ಸಿನಲ್ಲೇ ಆಡಿಕೊಂಡಿದ್ದೆ.

ಸೂಜಿಯನ್ನು ಎಡಗೈಗೆ ತೆಗೆದುಕೊಂಡೆ.

ಜನ್ಮದಲ್ಲಿ ಎಡಗೈಯಲ್ಲಿ ಹೊಲಿದವಳಲ್ಲ. ಬೆರಳಿಗೆ ಚುಚ್ಚಿಕೊಂಡೆ, ದಾರ ಸಿಕ್ಕಾಯಿತು, ನಿಮ್ಮಪ್ಪ "ಯಾರಮ್ಮಾ ಹೊಸ ಟೈಲರ್?" ಎಂದು ನಕ್ಕರು. ಆದರೆ ದಾರ ಹೋಗಿ ಅವಳ ಗೀರಿನಲ್ಲಿ ಸರಿಯಾಗಿ ಮಲಗಿತು. ಮುಂದಿನದೂ ಹಾಗೇ. ಅದರ ಮುಂದಿನದೂ. ಆಗ ನಿಮ್ಮಪ್ಪ ನಗುವುದು ನಿಲ್ಲಿಸಿದರು.

ಅವಳು ಎಡಗೈಯವಳು ಮಗಳೇ. ನೀನು ಬಲಗೈಯವಳು, ನನ್ನ ಹಾಗೆ. ನಾನು ಕಲಿಸಿದ ರೀತಿಯಲ್ಲಿ ನೀನು ಅವಳನ್ನು ಓದಿದೆ, ಅದಕ್ಕೇ ತಲೆಕೆಳಗಾಯಿತು. ಅವಳು ಹೊಲಿದದ್ದು ಎಡದಿಂದ ಬಲಕ್ಕೆ. ನೀನು ಶುರು ಅಂದುಕೊಂಡದ್ದು ಅವಳ ಕೊನೆ. ಉದ್ದುದ್ದ ಹೊಲಿಗೆಗಳು ಮೊದಲು ಹಾಕಿದವು. ಆಗ ಅವಳಿಗೆ ಆತುರ ಇತ್ತೇನೋ, ಬೇಗ ಮುಗಿಸಿ ಹೋಗಬೇಕು ಅಂದುಕೊಂಡಿದ್ದಳೇನೋ. ಆಮೇಲೆ ಹೊಲಿಗೆ ಚಿಕ್ಕದಾಗುತ್ತ ಬಂದಿದೆ. ಕೊನೆಯಲ್ಲಂತೂ ಒಂದರ ಮೈಗೆ ಒಂದು ಅಂಟಿಕೊಂಡಿದೆ. ಆ ಬಟ್ಟೆಗೆ ಅಷ್ಟು ಹೊಲಿಗೆ ಬೇಕಾಗಿರಲಿಲ್ಲ. ನನ್ನಂಥ ಟೈಲರ್ ಕೂಡ ಅಷ್ಟು ಹಾಕುವುದಿಲ್ಲ.

ಹೊಲಿದು ಮುಗಿಸಿದಳು, ಎದ್ದು ಹೋದಳು ಅಂದಳಲ್ಲ ದಾದಿ. ಮುಗಿದರೆ ಏಳಬೇಕು ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಮುಗಿಸುತ್ತಿರಲಿಲ್ಲ. ಇನ್ನೊಂದು ಹಾಕೋಣ, ಇನ್ನೊಂದು ಹಾಕೋಣ ಎಂದು ಕೂತಿದ್ದಾಳೆ. ನೀನು ಪಕ್ಕದಲ್ಲೇ ಮಲಗಿದ್ದಿರಬೇಕು.

ಅಲ್ಲಿಗೆ ಬರುವಷ್ಟರಲ್ಲಿ ನನಗೆ ಕಣ್ಣು ಮಂಜಾಗಿ ತೂತು ಕಾಣದಾಯಿತು. ನಿಮ್ಮಪ್ಪ ಬಟ್ಟೆಯ ಆ ತುದಿ ಹಿಡಿದು ಕೂತರು. ಇಷ್ಟು ವರ್ಷ ನಾನು ಅವಳ ಮೇಲೆ ಕಿಚ್ಚು ಪಟ್ಟೆ. ಒಂದು ಮಧ್ಯಾಹ್ನ ಅವಳ ಕೈಯಲ್ಲಿ ಹೊಲಿದ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಪಾಪ, ಯಾರ ಮನೆಯ ಹುಡುಗಿಯೋ. ಏನು ಕಷ್ಟ ಇತ್ತೋ.

ಬಟ್ಟೆ ಇದರ ಜೊತೆ ಬರುತ್ತಿದೆ. ಈ ಸಲ ಒಗೆದಿಲ್ಲ, ಇಸ್ತ್ರಿಯೂ ಇಲ್ಲ. ನಿಮ್ಮಪ್ಪ ಒದ್ದಾಡಿದರು, ಮುಟ್ಟಲು ಬಿಡಲಿಲ್ಲ. ಕೊನೆಯ ಹೊಲಿಗೆ ಹಾಕಿದ್ದೇನೆ, ಮುಗಿಸುವ ಗಂಟು ಮಾತ್ರ ನನ್ನಿಂದ ಆಗಲಿಲ್ಲ. ಸೂಜಿ ಅಲ್ಲೇ ಇದೆ, ಬಿಚ್ಚುವಾಗ ಕೈಗೆ ಚುಚ್ಚೀತು, ಜೋಪಾನ. ಗಂಟು ನೀನು ಹಾಕು.

ಆಮೇಲೆ ಸುಡುವುದಾದರೆ ಸುಡು. ಗೂಡಿನಲ್ಲಿ ಮುರಿದುಹೋದೀತು ಎಂದು ಹೆದರಬೇಡ. ಅವಳ ಹೊಲಿಗೆ ಈಗ ನನ್ನ ಕೈಗೆ ಬಂದಿದೆ. ಬೇಕಾದಾಗ ಕೇಳು, ಹಾಕಿಕೊಡುತ್ತೇನೆ.

ಅಮ್ಮ